ಫ. ಗು. ಹಳಕಟ್ಟಿಯವರ ಸಂಪಾದನಕಾರ್ಯ ಮತ್ತು ವಿಜಾಪುರ ಜಿಲ್ಲೆಯ ಸಂಪಾದನ ಪರಂಪರೆ

೧

ಸಾಹಿತ್ಯಚರಿತ್ರೆಯನ್ನು ಬರೆಯುವವರು ಕವಿಗಳ ಕಾಲ, ದೇಶ, ಮತಗಳನ್ನು ನಿರ್ಣಯಿಸುವುದರಲ್ಲಿ ತೋರುವ ಶ್ರದ್ಧೆಯನ್ನು, ಆ ಕವಿಗಳ ಕೃತಿಗಳನ್ನು ನಮ್ಮ ಕೈಗೆ ತಂದುಕೊಟ್ಟ ಸಂಪಾದಕರ ವಿಷಯದಲ್ಲಿ ತೋರುವುದು ವಿರಳ. ಗ್ರಂಥವನ್ನು ಕೈಗೆತ್ತಿಕೊಂಡವನು ಮುಖಪುಟದ ಮೇಲಿರುವ ಕವಿಯ ಹೆಸರನ್ನು ನೋಡುತ್ತಾನೆ; ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ಸಂಪಾದಕನ ಹೆಸರನ್ನು ದಾಟಿ ಮುಂದೆ ಹೋಗುತ್ತಾನೆ. ಚಲನಚಿತ್ರದ ಸಂಕಲನಕಾರನ ಪಾಡೂ ಇದೇ. ೨೦೧೯ರಲ್ಲಿ ತೆರೆಕಂಡ ‘ಪ್ಯಾರಸೈಟ್’ ಎಂಬ ಕೊರಿಯದ ಚಿತ್ರವನ್ನು ನೋಡಿದ ಲಕ್ಷಾಂತರ ಜನರು ಅದರ ನಿರ್ದೇಶಕ ಬಾಂಗ್ ಜೂನ್-ಹೋ ಅವರ ಹೆಸರನ್ನು ಬಲ್ಲರು. ಅದೇ ಚಿತ್ರದ ತುಣುಕುಗಳನ್ನು ಕತ್ತರಿಸಿ ಜೋಡಿಸಿ, ೨೦೨೦ರಲ್ಲಿ ಅಮೆರಿಕದ ಸಂಕಲನಕಾರರ ಸಂಘದ ಪ್ರಶಸ್ತಿಯನ್ನು ಪಡೆದ ಯಾಂಗ್ ಜಿನ್-ಮೊ ಅವರ ಹೆಸರನ್ನು ಬಲ್ಲವರು ಎಷ್ಟು ಮಂದಿ? ಸಂಪಾದಕನ ಕೆಲಸ ಚೆನ್ನಾಗಿ ನಡೆದಷ್ಟೂ ಅವನು ಕಾಣದಾಗುತ್ತಾನೆ. ಆದರೆ ಯಾವುದು ಉಳಿಯಬೇಕು, ಯಾವುದು ಮೊದಲು ಬರಬೇಕು, ಯಾವುದರ ಪಕ್ಕದಲ್ಲಿ ಯಾವುದಿರಬೇಕು ಎಂಬುದನ್ನು ತೀರ್ಮಾನಿಸುವವನು ಅವನೇ. ಆದುದರಿಂದ ಅವನ ವೃತ್ತಿಜೀವನವೂ ಇತಿಹಾಸದ ವಿಷಯವೇ ಆಗುತ್ತದೆ.

ಕನ್ನಡದಲ್ಲಿ ಈ ಮಾತಿಗೆ ಅತ್ಯುತ್ತಮ ನಿದರ್ಶನವೆಂದರೆ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ (೧೮೮೦–೧೯೬೪) ಜೀವನ. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಇಂದು ನಾವು ಯಾವ ರೂಪದಲ್ಲಿ ಅರಿತಿದ್ದೇವೆಯೋ ಆ ರೂಪಕ್ಕೆ ಮೊದಲ ಕಾರಣಪುರುಷರು ಅವರು. ಪ್ರಸ್ತುತ ಲೇಖನದಲ್ಲಿ ಅವರ ಸಂಪಾದನಕಾರ್ಯದ ಸ್ವರೂಪವನ್ನೂ, ಅವರ ಕಾರ್ಯಕ್ಷೇತ್ರವಾಗಿದ್ದ ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಪ್ರದೇಶಗಳಿಗೂ ಆ ಕಾರ್ಯಕ್ಕೂ ಇರುವ ಸಂಬಂಧವನ್ನೂ ಪರಿಶೀಲಿಸಲು ಉದ್ದೇಶಿಸಿದ್ದೇವೆ.

೨

ವಿಜಾಪುರ ಜಿಲ್ಲೆಗೆ ೨೦೧೪ರಿಂದ ವಿಜಯಪುರವೆಂಬುದು ಅಧಿಕೃತ ನಾಮ. ಅದರ ಉತ್ತರದಲ್ಲಿ ಭೀಮೆಯ ದಡಕ್ಕೆ ಇಂಡಿ, ಸಿಂದಗಿಗಳೂ, ದಕ್ಷಿಣದಲ್ಲಿ ಕೃಷ್ಣೆಯ ದಡಕ್ಕೆ ಬಸವನಬಾಗೇವಾಡಿ, ಮುದ್ದೇಬಿಹಾಳಗಳೂ ಇವೆ. ನಡುವೆ ಡೋಣಿ ನದಿ ಹರಿಯುತ್ತದೆ. ಪ್ರಾಚೀನ ಶಾಸನಗಳಲ್ಲಿ ತರ್ದವಾಡಿ ಸಾಸಿರವೆಂದು ಬರುವ ನಾಡು ಬಹುಮಟ್ಟಿಗೆ ಇದೇ. ಈ ನಾಡಿನ ವಿದ್ಯಾಸಂಪ್ರದಾಯ ಹಳೆಯದು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. ೯೪೫ರ ಶಾಸನವೊಂದಿದ್ದು, ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ನೆಲೆಸಿ ಓದುತ್ತಿದ್ದುದನ್ನು ಅದು ತಿಳಿಸುತ್ತದೆ.

ಶರಣರ ಚರಿತ್ರೆಯಲ್ಲಿ ಈ ನಾಲ್ಕು ತಾಲ್ಲೂಕುಗಳ ಸ್ಥಾನ ಇನ್ನೂ ಹಿರಿದು. ಬಸವಣ್ಣನವರ ಜನ್ಮಸ್ಥಳ ಬಾಗೇವಾಡಿ. ಕ್ರಿ. ಶ. ೧೨೬೦ರ ಅರ್ಜುನವಾಡ ಶಾಸನವು ಅವರ ವಂಶವನ್ನು ಹೇಳುವಲ್ಲಿ ತರ್ದವಾಡಿಯ ನಡುವಣ ಬಾಗೇವಾಡಿಯನ್ನು ಹೆಸರಿಸುತ್ತದೆ. ಮಡಿವಾಳ ಮಾಚಿದೇವರ ಊರೆಂದು ಪ್ರಸಿದ್ಧವಾದ ದೇವರಹಿಪ್ಪರಗಿ ಹಿಂದೆ ಸಿಂದಗಿ ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಬಸವಣ್ಣನವರ ಪತ್ನಿ ನೀಲಾಂಬಿಕೆಯು ಐಕ್ಯಳಾದುದು ಮುದ್ದೇಬಿಹಾಳ ತಾಲ್ಲೂಕಿನ ಕೃಷ್ಣಾತೀರದ ತಂಗಡಗಿಯಲ್ಲೆಂದು ಐತಿಹ್ಯವಿದೆ. ಇಂಡಿಯಿಂದ ಭೀಮೆಯನ್ನು ದಾಟಿ ಉತ್ತರಕ್ಕೆ ನಡೆದರೆ ಸಿದ್ಧರಾಮರ ಸೊನ್ನಲಿಗೆ, ಎಂದರೆ ಇಂದಿನ ಸೊಲ್ಲಾಪುರ, ದೊರೆಯುತ್ತದೆ.

ಹೀಗಿದ್ದರೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ನಾಡಿನ ವಿದ್ಯಾವಂತರಿಗೆ ವಚನವಾಙ್ಮಯದ ಸಮಗ್ರ ಪರಿಚಯವಿರಲಿಲ್ಲ. ಕೆಲವು ವಚನಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಚ್ಚಾಗಿದ್ದುವಾದರೂ ಉಳಿದ ಬಹುಭಾಗವು ಮಠಗಳ ಅಟ್ಟಗಳಲ್ಲಿಯೂ ಭಕ್ತರ ಮನೆಯ ಜಗಲಿಗಳ ಮೇಲೆಯೂ ತಾಳೆಗರಿಯ ಕಟ್ಟುಗಳಾಗಿ ಉಳಿದಿತ್ತು. ಕಟ್ಟಿಗೆ ಬಟ್ಟೆ ಸುತ್ತಿ, ಹೂವೇರಿಸಿ ಪೂಜಿಸುತ್ತಿದ್ದರೇ ಹೊರತು ಬಿಚ್ಚಿ ಓದುವವರು ಕಡಮೆಯಾಗಿದ್ದರು. ಪೂಜೆಯು ಗರಿಗಳನ್ನು ಉಳಿಸಿತು, ನಿಜ; ಆದರೆ ಬಿಚ್ಚದ ಕಟ್ಟಿನೊಳಗೆ ಹುಳು ತನ್ನ ಕೆಲಸವನ್ನು ನಡೆಸಿಯೇ ಇತ್ತು.

೩

ಹಳಕಟ್ಟಿಯವರು ೧೮೮೦ನೆಯ ಜುಲೈ ೨ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಉಪಾಧ್ಯಾಯರು, ಬರಹಗಾರರು. ಧಾರವಾಡದಲ್ಲಿ ಓದು ಮುಗಿಸಿ ಬೊಂಬಾಯಿಗೆ ಹೋಗಿ, ಪದವಿಯ ತರುವಾಯ ಕಾಯಿದೆಯ ಪರೀಕ್ಷೆಯನ್ನೂ ಮುಗಿಸಿ, ೧೯೦೪ರಲ್ಲಿ ವಿಜಾಪುರಕ್ಕೆ ಬಂದು ವಕೀಲಿಯನ್ನು ಆರಂಭಿಸಿದರು. ಬೊಂಬಾಯಿಯ ವಿದ್ಯಾರ್ಥಿದೆಸೆಯಲ್ಲಿ ಆಲೂರು ವೆಂಕಟರಾಯರ ಒಡನಾಟ ಅವರಿಗೆ ದೊರೆತಿತ್ತು. ಕನ್ನಡನಾಡು ನುಡಿಗಳ ಅವನತಿಯ ಚಿಂತೆ ಇಬ್ಬರನ್ನೂ ಕಾಡಿತ್ತು.

ವಿಜಾಪುರದಲ್ಲಿ ಅವರು ಕೈಯಿಟ್ಟ ಸಾರ್ವಜನಿಕ ಕಾರ್ಯಗಳು ಅನೇಕ. ೧೯೧೦ರಲ್ಲಿ ಲಿಂಗಾಯತ ಜಿಲ್ಲಾ ವಿದ್ಯಾಸಂಸ್ಥೆಯ ಸ್ಥಾಪನೆ, ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆ, ಬೊಂಬಾಯಿ ಶಾಸನಸಭೆಯ ಸದಸ್ಯತ್ವ ಇತ್ಯಾದಿಗಳನ್ನು ಇಲ್ಲಿ ವಿಸ್ತರಿಸುವುದು ಅನಗತ್ಯ. ಗಮನಿಸಬೇಕಾದುದೆಂದರೆ, ಶಾಲೆ, ಬ್ಯಾಂಕು, ಗ್ರಂಥಸಂಪಾದನೆ ಇವು ಅವರ ದೃಷ್ಟಿಯಲ್ಲಿ ಬೇರೆ ಬೇರೆಯಾಗಿರಲಿಲ್ಲವೆಂಬುದು. ಬಡತನ ಬರಗಾಲಗಳಿಂದ ಬಳಲಿದ ಜಿಲ್ಲೆಗೆ ಹಣಕಾಸಿನ ಆಧಾರವೂ ಬೇಕು, ವಿದ್ಯೆಯೂ ಬೇಕು, ತನ್ನ ಹಿಂದಿನ ಸಂಪತ್ತಿನ ಅರಿವೂ ಬೇಕು ಎಂಬುದು ಅವರ ನಂಬಿಕೆಯಾಗಿತ್ತೆಂದು ಅವರ ಕಾರ್ಯಗಳಿಂದಲೇ ತಿಳಿಯುತ್ತದೆ.

ಹಸ್ತಪ್ರತಿಗಳ ಶೋಧನೆ ಅವರಿಗೆ ವಕೀಲಿಯ ಬಿಡುವಿನ ವೇಳೆಯ ಹವ್ಯಾಸವಾಗಿ ಉಳಿಯಲಿಲ್ಲ. ಕ್ರಮೇಣ ವಕೀಲಿಯೇ ಹಿಂದೆ ಸರಿಯಿತು. ಸೈಕಲ್ಲೇರಿ ಊರೂರು ತಿರುಗಿದರೆಂಬುದು ಆ ಜಿಲ್ಲೆಯಲ್ಲಿ ಇಂದಿಗೂ ಮನೆಮಾತು. ಕಟ್ಟನ್ನು ಕೊಡಲೊಪ್ಪದ ಮನೆತನದವರನ್ನು ಒಲಿಸಿ, ಕೊಟ್ಟುದನ್ನು ಪ್ರತಿಮಾಡಿಕೊಂಡು ಮರಳಿಸುವುದು ಸಣ್ಣ ಕೆಲಸವಲ್ಲ. ೧೯೨೦ರ ಸುಮಾರಿಗೆ ಅವರ ಬಳಿ ಸಾವಿರದಷ್ಟು ಹಸ್ತಪ್ರತಿಗಳು ಕೂಡಿದ್ದುವೆಂದು ಹೇಳುವುದುಂಟು. ೧೯೨೨ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿ ಹೊರಗಿನ ವಿದ್ವಾಂಸರಿಗೂ ಅವನ್ನು ಪರಿಚಯಿಸಿದರು. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ ಹೊರಬಿದ್ದಿತು. ಅದಕ್ಕೆ ಮುಂಚೆ ಆ ಗ್ರಂಥವು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಹೋಗಿ ಅಚ್ಚಾಗದೆ ಹಿಂದಿರುಗಿತ್ತೆಂದು ಅವರ ಜೀವನಚರಿತ್ರಕಾರರು ಹೇಳುತ್ತಾರೆ.

ಮುದ್ರಣಕ್ಕಾಗಿ ಪರರನ್ನು ಆಶ್ರಯಿಸುವ ಕಷ್ಟವನ್ನು ಕಂಡ ಹಳಕಟ್ಟಿಯವರು ೧೯೨೫ರಲ್ಲಿ ತಮ್ಮ ಮನೆಯನ್ನು ಮಾರಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯೂ, ೧೯೨೭ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯೂ ಆರಂಭವಾದುವು. ಶೋಧಿಸುವವರು, ಪ್ರತಿಮಾಡುವವರು, ಪರಿಷ್ಕರಿಸುವವರು, ಅಚ್ಚುಹಾಕಿಸುವವರು, ಮಾರುವವರು ಎಲ್ಲರೂ ಬಹುಮಟ್ಟಿಗೆ ಒಬ್ಬರೇ ಆದರು. ೧೯೨೬ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಪದವಿ ಅವರಿಗೆ ಸಂದುವು. ಆದರೆ ಹಣ ಸಲ್ಲಲಿಲ್ಲ. ೧೯೬೪ನೆಯ ಜೂನ್ ೨೯ರಂದು ವಿಜಾಪುರದಲ್ಲಿ ತೀರಿಕೊಂಡಾಗ ಅವರು ಬಿಟ್ಟುಹೋದುದು ಗ್ರಂಥಗಳನ್ನೇ.

೪

ಅವರ ಸಂಪಾದನೆಯ ಕಷ್ಟವೇನೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳುವುದು ಅವಶ್ಯ. ತಾಳೆಗರಿಯ ಬರಹದಲ್ಲಿ ಪದಪದಗಳ ನಡುವೆ ಅಂತರವಿಲ್ಲ. ಎ–ಏ, ಒ–ಓ ಎಂಬ ಹ್ರಸ್ವದೀರ್ಘಗಳ ಭೇದವನ್ನು ಲಿಪಿಕಾರರು ತೋರಿಸುವುದಿಲ್ಲ. ಒಂದು ವಚನ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತೆಂಬುದಕ್ಕೆ ಅಂಕಿತವೇ ಮುಖ್ಯವಾದ ಗುರುತು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮಪ್ರಭು, ಕಲಿದೇವರದೇವ ಎಂದರೆ ಮಡಿವಾಳ ಮಾಚಿದೇವ, ಸಂಗಯ್ಯ ಎಂದರೆ ನೀಲಾಂಬಿಕೆ. ಗರಿಯ ತುದಿ ಮುರಿದು ಅಂಕಿತವು ಹೋದರೆ ವಚನಕಾರನೇ ಹೋದಂತೆ. ಕೆಲವೆಡೆ ಒಂದೇ ವಚನವು ಒಂದು ಕಟ್ಟಿನಲ್ಲಿ ಒಬ್ಬರ ಅಂಕಿತದಲ್ಲಿಯೂ ಮತ್ತೊಂದು ಕಟ್ಟಿನಲ್ಲಿ ಇನ್ನೊಬ್ಬರ ಅಂಕಿತದಲ್ಲಿಯೂ ಬರುತ್ತದೆ. ಇಂತಹ ಸಾಮಗ್ರಿಯಿಂದ ಹಳಕಟ್ಟಿಯವರು ಸುಮಾರು ೨೫೦ ವಚನಕಾರರನ್ನು ಬೆಳಕಿಗೆ ತಂದರು; ಅದಕ್ಕೆ ಮುಂಚೆ ಹೆಸರು ತಿಳಿದಿದ್ದವರು ಸುಮಾರು ಐವತ್ತು ಮಂದಿ ಮಾತ್ರ.

ಇನ್ನು ಅವರ ಕ್ರಮವನ್ನು ವಿಚಾರಿಸಬೇಕು. ‘ವಚನಶಾಸ್ತ್ರಸಾರ’ದಲ್ಲಿ ವಚನಗಳು ವಚನಕಾರರ ಕ್ರಮದಲ್ಲಿಲ್ಲ, ವಿಷಯಗಳ ಕ್ರಮದಲ್ಲಿವೆ. ಒಂದು ವಿಷಯವನ್ನು ಕುರಿತು ಬೇರೆ ಬೇರೆ ಶರಣರು ನುಡಿದುದನ್ನೆಲ್ಲ ಒಂದೆಡೆ ಕೂಡಿಸಿದೆ. ಇದರಿಂದ ಎರಡು ಫಲಗಳು ಒದಗಿದುವು. ಮೊದಲನೆಯದಾಗಿ, ಚದುರಿದ ಮಾತುಗಳಂತೆ ತೋರುತ್ತಿದ್ದ ವಚನಗಳ ಹಿಂದೆ ಒಂದು ಸುಸಂಬದ್ಧವಾದ ವಿಚಾರವಿದೆಯೆಂಬುದು ಓದುಗನ ಕಣ್ಣಿಗೆ ಕಟ್ಟಿತು. ಗ್ರಂಥದ ಹೆಸರಿನಲ್ಲಿರುವ ‘ಶಾಸ್ತ್ರ’ವೆಂಬ ಶಬ್ದವೇ ಆ ಉದ್ದೇಶವನ್ನು ಸಾರುತ್ತದೆ. ಎರಡನೆಯದಾಗಿ, ಒಬ್ಬೊಬ್ಬ ಶರಣನ ಸ್ವಂತ ದನಿಯು ಆ ಕೂಟದಲ್ಲಿ ಸ್ವಲ್ಪ ಮಸುಕಾಯಿತು. ಮಡಿವಾಳನ ಕಟುವಾದ ನುಡಿಯೂ ಮಂತ್ರಿಯ ಆತ್ಮನಿವೇದನೆಯೂ ಒಂದೇ ಶೀರ್ಷಿಕೆಯ ಕೆಳಗೆ ಒಂದರ ಪಕ್ಕದಲ್ಲೊಂದು ನಿಂತಾಗ, ನಾವು ಮೊದಲು ಶೀರ್ಷಿಕೆಯನ್ನು ಕಾಣುತ್ತೇವೆ, ಅನಂತರ ಮನುಷ್ಯನನ್ನು ಕಾಣುತ್ತೇವೆ.

ಇದನ್ನು ದೋಷವೆಂದು ಎಣಿಸುವುದು ಸರಿಯಲ್ಲ. ವಚನಗಳನ್ನು ಸ್ಥಲಾನುಸಾರವಾಗಿ ಜೋಡಿಸುವ ಪದ್ಧತಿ ಹದಿನೈದನೆಯ ಶತಮಾನದ ಸಂಕಲನಕಾರರಿಂದಲೇ ಬಂದುದು. ಹಳಕಟ್ಟಿಯವರು ಆ ಪದ್ಧತಿಯನ್ನು ಹೊಸ ಕಾಲದ ಅಗತ್ಯಕ್ಕೆ ಹೊಂದಿಸಿದರು. ಆದರೆ ಇಪ್ಪತ್ತನೆಯ ಶತಮಾನದ ಕನ್ನಡಿಗರು ಶರಣರನ್ನು ಒಂದು ವ್ಯವಸ್ಥಿತ ತತ್ತ್ವದ ಪ್ರತಿಪಾದಕರೆಂದು ಮೊದಲು ಅರಿತುದರಲ್ಲಿ ಸಂಪಾದಕನ ಈ ಜೋಡಣೆಯ ಪಾತ್ರವೆಷ್ಟು ಎಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯುವಂತಿಲ್ಲ.

೫

ಜೋಡಣೆಯೇ ಅರ್ಥವನ್ನು ಹುಟ್ಟಿಸಬಲ್ಲುದೆಂಬುದಕ್ಕೆ ಚಲನಚಿತ್ರದ ಇತಿಹಾಸದಲ್ಲಿ ಒಂದು ಪ್ರಸಿದ್ಧ ಪ್ರಯೋಗವಿದೆ. ೧೯೨೦ರ ಸುಮಾರಿಗೆ ರಷ್ಯದ ಲೆವ್ ಕುಲೆಶೋವ್ ಎಂಬವರು ನಟನೊಬ್ಬನ ಭಾವವಿಲ್ಲದ ಮುಖದ ಒಂದೇ ತುಣುಕನ್ನು ಒಮ್ಮೆ ಊಟದ ಬಟ್ಟಲಿನ ಚಿತ್ರದೊಡನೆ, ಮತ್ತೊಮ್ಮೆ ಶವಪೆಟ್ಟಿಗೆಯ ಚಿತ್ರದೊಡನೆ ಜೋಡಿಸಿ ತೋರಿಸಿದರು. ನೋಡಿದವರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಮತ್ತೊಮ್ಮೆ ದುಃಖವನ್ನೂ ಕಂಡರು. ಮುಖ ಬದಲಾಗಿರಲಿಲ್ಲ, ಪಕ್ಕದ ತುಣುಕು ಬದಲಾಗಿತ್ತು.

ಈ ತತ್ತ್ವವನ್ನು ನಮ್ಮವರು ಅದಕ್ಕಿಂತ ಐದು ಶತಮಾನಗಳ ಹಿಂದೆಯೇ ಬಳಸಿದ್ದರು. ಶಿವಗಣಪ್ರಸಾದಿ ಮಹಾದೇವಯ್ಯನು ಹದಿನೈದನೆಯ ಶತಮಾನದಲ್ಲಿ ಸಂಕಲಿಸಿದ ‘ಶೂನ್ಯಸಂಪಾದನೆ’ಯು ಬಿಡಿ ವಚನಗಳನ್ನು ಪ್ರಶ್ನೋತ್ತರರೂಪವಾಗಿ ಜೋಡಿಸಿ, ಅಲ್ಲಮಪ್ರಭು ಮತ್ತು ಶರಣರ ಸಂವಾದವನ್ನು ನಾಟಕದಂತೆ ನಮ್ಮೆದುರಿಗೆ ನಿಲ್ಲಿಸುತ್ತದೆ. ಬೇರೆ ಬೇರೆ ಸಂದರ್ಭಗಳಲ್ಲಿ ನುಡಿದಿರಬಹುದಾದ ವಚನಗಳು ಅಲ್ಲಿ ಒಂದಕ್ಕೊಂದು ಉತ್ತರವಾಗುತ್ತವೆ. ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಮೊದಲ ಸಂಕಲನದಲ್ಲಿಲ್ಲದ ಸಿದ್ಧರಾಮನ ಇಷ್ಟಲಿಂಗದೀಕ್ಷೆಯ ಪ್ರಸಂಗವು ಹಲಗೆಯಾರ್ಯನಲ್ಲಿ ಸೇರಿಕೊಂಡಿತು. ಸೊನ್ನಲಿಗೆಯ ಯೋಗಿ ದೀಕ್ಷೆ ಪಡೆದನೇ ಇಲ್ಲವೇ ಎಂಬ ಚರಿತ್ರೆಯ ಪ್ರಶ್ನೆಗೆ ಸಂಪಾದಕರ ಜೋಡಣೆಗಳೇ ಎರಡು ಉತ್ತರಗಳನ್ನು ಕೊಟ್ಟುವೆಂಬುದನ್ನು ಇಲ್ಲಿ ಗಮನಿಸಬೇಕು.

ಹಳಕಟ್ಟಿಯವರು ೧೯೩೦ರಲ್ಲಿ ‘ಶೂನ್ಯಸಂಪಾದನೆ’ಯನ್ನು ಪ್ರಕಟಿಸಿದರು. ಅನಂತರ ೧೯೫೮ರಲ್ಲಿ ಸಂ. ಶಿ. ಭೂಸನೂರಮಠರ ಪರಿಷ್ಕರಣ ಬಂದಿತು. ಇದರ ನಡುವೆ, ೧೯೫೪ರಲ್ಲಿ, ಶಿ. ಶಿ. ಬಸವನಾಳರು ಸಿದ್ಧಪಡಿಸಿದ ಬಸವಣ್ಣನವರ ಷಟ್‌ಸ್ಥಲದ ವಚನಗಳ ಆವೃತ್ತಿಯೂ, ೧೯೬೦ರಲ್ಲಿ ಎಲ್. ಬಸವರಾಜು ಅವರ ‘ಅಲ್ಲಮನ ವಚನ ಚಂದ್ರಿಕೆ’ಯೂ ಹೊರಬಂದು, ಒಬ್ಬೊಬ್ಬ ವಚನಕಾರನನ್ನು ಪ್ರತ್ಯೇಕವಾಗಿ, ಪಾಠಾಂತರಗಳ ಸಹಿತವಾಗಿ ನೋಡುವ ಮಾರ್ಗ ಬಲವಾಯಿತು. ಹಳಕಟ್ಟಿಯವರು ಕೂಡಿಸಿದುದನ್ನು ಇವರು ಬಿಡಿಸಿದರು. ಕೂಡಿಸಿದವರಿಲ್ಲದಿದ್ದರೆ ಬಿಡಿಸುವವರಿಗೆ ಏನೂ ಇರುತ್ತಿರಲಿಲ್ಲ.

೬

ವಿಜಾಪುರದಲ್ಲಿ ಹಳಕಟ್ಟಿಯವರು ಗರಿಗಳನ್ನು ಅರಸುತ್ತಿದ್ದ ಕಾಲದಲ್ಲಿಯೇ ಇಂಡಿ ತಾಲ್ಲೂಕಿನಲ್ಲಿ ಇನ್ನೊಂದು ಬಗೆಯ ಸಂಪಾದನೆ ನಡೆದಿತ್ತು. ಹಲಸಂಗಿಯ ಮಧುರಚೆನ್ನ (೧೯೦೩–೧೯೫೩), ಚಡಚಣದ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಇವರನ್ನೊಳಗೊಂಡ ‘ಹಲಸಂಗಿ ಗೆಳೆಯರು’ ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು ೧೯೩೧ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಪ್ರಕಟಿಸಿದರು. ‘ಜೀವನಸಂಗೀತ’ (೧೯೩೩), ‘ಮಲ್ಲಿಗೆದಂಡೆ’ (೧೯೩೫) ಅದನ್ನು ಹಿಂಬಾಲಿಸಿದುವು.

ಇಲ್ಲಿ ಗರಿಯಿಲ್ಲ, ಅಂಕಿತವಿಲ್ಲ, ಹಾಡಿದವಳ ಹೆಸರೂ ಬಹುಶಃ ಉಳಿದಿಲ್ಲ. ಬೀಸುವಾಗ ಒಬ್ಬಳು ಒಂದು ನುಡಿ ಹಾಡಿದರೆ ಜೊತೆಯವಳು ಮತ್ತೊಂದನ್ನು ಜೋಡಿಸುತ್ತಾಳೆ. ನಾಳೆ ಅದೇ ನುಡಿ ಬೇರೆ ಕಡೆ ಸೇರುತ್ತದೆ. ಇಂತಹ ಹರಿಯುವ ಸಾಮಗ್ರಿಯನ್ನು ತವರು, ಕೂಸು, ಅಣ್ಣತಮ್ಮಂದಿರು ಎಂಬಿತ್ಯಾದಿ ಭಾವಗಳಿಗನುಸಾರವಾಗಿ ನಿಲ್ಲಿಸಿದುದು ಸಂಪಾದಕರ ಕೆಲಸವೇ. ಹಳಕಟ್ಟಿಯವರ ವಿಷಯಕ್ರಮಕ್ಕೂ ಇದಕ್ಕೂ ಇರುವ ಸಾದೃಶ್ಯ ಸ್ಪಷ್ಟವಾಗಿದೆ. ಒಂದೇ ಜಿಲ್ಲೆಯಲ್ಲಿ, ಒಂದೇ ದಶಕದ ಅಂತರದಲ್ಲಿ, ಗರಿಯಲ್ಲಿ ಹುದುಗಿದ್ದ ನುಡಿಯೂ ಬಾಯಲ್ಲಿ ನಡೆದಿದ್ದ ನುಡಿಯೂ ಅಚ್ಚಿನ ಪುಟಕ್ಕೆ ಬಂದುದು ಕನ್ನಡಕ್ಕೆ ಒದಗಿದ ಭಾಗ್ಯವೆನ್ನಬೇಕು.

೭

ಈ ಪರಂಪರೆಯ ಮುಂದಿನ ಮಜಲನ್ನು ಸಿಂದಗಿ ತಾಲ್ಲೂಕು ಕೊಟ್ಟಿತು. ಮಲ್ಲಪ್ಪ ಮಡಿವಾಳಪ್ಪ ಕಲಬುರ್ಗಿಯವರು ೧೯೩೮ನೆಯ ನವಂಬರ್ ೨೮ರಂದು ಆ ತಾಲ್ಲೂಕಿನ ಗುಬ್ಬೇವಾಡದಲ್ಲಿ ಜನಿಸಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿ, ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಕಾರ್ಯ ಮಾಡಿದರು. ೧೯೭೨ರಲ್ಲಿ ಪ್ರಕಟವಾದ ಅವರ ‘ಕನ್ನಡ ಗ್ರಂಥಸಂಪಾದನಶಾಸ್ತ್ರ’ವು ಹಿಂದಿನವರು ಅನುಭವದಿಂದ ನಡೆಸಿದ ಕೆಲಸಕ್ಕೆ ನಿಯಮಗಳ ರೂಪ ಕೊಟ್ಟಿತು. ೧೯೯೩ರಲ್ಲಿ ಅವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ‘ಸಮಗ್ರ ವಚನ ಸಂಪುಟ’ವನ್ನು ೧೫ ಸಂಪುಟಗಳಲ್ಲಿ ಹೊರತಂದಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ವಚನಕಾರರ ಕ್ರಮದಲ್ಲಿ ಒಂದೆಡೆ ದೊರೆತುದು ಅದೇ ಮೊದಲು. ೧೯೨೩ರಲ್ಲಿ ಒಬ್ಬ ವಕೀಲರು ಒಂಟಿಯಾಗಿ ಆರಂಭಿಸಿದುದು ಎಪ್ಪತ್ತು ವರ್ಷಗಳ ತರುವಾಯ ನಾಡಿನ ಹೊಣೆಯಾಗಿ ಪರಿಣಮಿಸಿತು.

ಸಂಪಾದಕನು ನಿರ್ಭಯನಾಗಿ ಓದಿದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆಂಬುದೂ ಕಲಬುರ್ಗಿಯವರ ಜೀವನದಿಂದಲೇ ತಿಳಿಯುತ್ತದೆ. ‘ಮಾರ್ಗ’ದ ಮೊದಲ ಸಂಪುಟದ ಕೆಲವು ಲೇಖನಗಳನ್ನು ಕುರಿತು ೧೯೮೯ರಲ್ಲಿ ವಿವಾದವೆದ್ದು, ಅವರು ತಮ್ಮ ಕೆಲವು ನಿರ್ಣಯಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದೇ ಮಾಲೆಯ ನಾಲ್ಕನೆಯ ಸಂಪುಟಕ್ಕೆ ೨೦೦೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ೨೦೧೫ನೆಯ ಆಗಸ್ಟ್ ೩೦ರಂದು ಧಾರವಾಡದ ತಮ್ಮ ಮನೆಯಲ್ಲಿ ಅವರು ಗುಂಡಿಗೆ ಬಲಿಯಾದರು. ಹಳಕಟ್ಟಿಯವರು ಮನೆಯನ್ನು ತೆತ್ತರು. ಕಲಬುರ್ಗಿಯವರು ಪ್ರಾಣವನ್ನು ತೆತ್ತರು.

೮

ಕೊನೆಯದಾಗಿ ಸಂಪಾದಕನ ಅಧಿಕಾರದ ಮೇರೆಯನ್ನು ಕುರಿತು ಒಂದು ಮಾತು. ಆಯುವುದು, ಜೋಡಿಸುವುದು, ಪಾಠಗಳಲ್ಲಿ ಒಂದನ್ನು ಒಪ್ಪಿ ಇನ್ನೊಂದನ್ನು ಅಡಿಟಿಪ್ಪಣಿಗಿಳಿಸುವುದು ಅವನ ಹಕ್ಕು. ಗರಿಯಲ್ಲಿರುವ ಶಬ್ದವನ್ನು ತನ್ನ ನಂಬಿಕೆಗೆ ತಕ್ಕಂತೆ ತಿದ್ದುವುದು ಅವನ ಹಕ್ಕಲ್ಲ. ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತದ ಬದಲಿಗೆ ಲಿಂಗದೇವ ಎಂಬುದು ಬಂದಾಗ ನಾಡಿನಲ್ಲಿ ದೊಡ್ಡ ವಿವಾದವಾಯಿತು, ೧೯೯೮ರಲ್ಲಿ ರಾಜ್ಯಸರ್ಕಾರವು ಆ ಗ್ರಂಥವನ್ನು ನಿಷೇಧಿಸಿತು, ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಷೇಧವನ್ನು ಎತ್ತಿಹಿಡಿಯಿತು. ನಿಷೇಧವು ಉಚಿತವೇ ಎಂಬುದು ಬೇರೆ ಪ್ರಶ್ನೆ. ವಿದ್ವತ್ತಿನ ದೃಷ್ಟಿಯಿಂದ ಹೇಳುವುದಾದರೆ, ಅಂಕಿತವು ವಚನಕಾರನ ಗುರುತು ಮಾತ್ರವಲ್ಲ, ಪ್ರತಿಯ ಸಾಕ್ಷ್ಯವೂ ಹೌದು. ಸಾಕ್ಷ್ಯವನ್ನು ಬದಲಿಸಿದವನು ವ್ಯಾಖ್ಯಾನಕಾರನಾಗಬಹುದು, ಸಂಪಾದಕನಾಗಲಾರನು.

ಮೇಲಣ ವಿವೇಚನೆಯಿಂದ ನಾವು ಕಾಣುವ ಸಂಗತಿಯೆಂದರೆ, ವಚನಗಳ ಚರಿತ್ರೆಯು ಹನ್ನೆರಡನೆಯ ಶತಮಾನದಲ್ಲಿ ಮುಗಿದುಹೋದುದಲ್ಲ. ಮಹಾದೇವಯ್ಯನಿಂದ ಹಳಕಟ್ಟಿಯವರವರೆಗೆ, ಹಳಕಟ್ಟಿಯವರಿಂದ ಕಲಬುರ್ಗಿಯವರವರೆಗೆ ಪ್ರತಿಯೊಬ್ಬ ಸಂಪಾದಕನೂ ಅದನ್ನು ಮತ್ತೆ ಜೋಡಿಸಿದ್ದಾನೆ. ಪ್ರತಿಯೊಂದು ಜೋಡಣೆಯೂ ಆ ಕಾಲದ ಕನ್ನಡಿಗರಿಗೆ ಒಬ್ಬ ಹೊಸ ಬಸವಣ್ಣನನ್ನು ಕಾಣಿಸಿದೆ. ಆದುದರಿಂದ ವಚನವನ್ನು ಉದಾಹರಿಸುವ ಅಧ್ಯಾಪಕರೂ ವಿದ್ಯಾರ್ಥಿಗಳೂ ಅದು ಯಾರ ಆವೃತ್ತಿಯದು, ಯಾವ ಪ್ರತಿಯನ್ನು ಆಧರಿಸಿದುದು ಎಂಬುದನ್ನು ಕೇಳಿಕೊಳ್ಳುವುದು ಅವಶ್ಯ. ಹಳಕಟ್ಟಿಯವರ ಜನ್ಮದಿನವಾದ ಜುಲೈ ೨ನ್ನು ಕರ್ನಾಟಕದಲ್ಲಿ ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸಲಾಗುತ್ತಿದೆ. ಆ ದಿನ ಅವರ ಭಾವಚಿತ್ರಕ್ಕೆ ಹಾರ ಹಾಕುವುದು ಉಚಿತವೇ. ಅದರ ಜೊತೆಗೆ ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಮಠದಲ್ಲಿ, ತಮ್ಮ ಮನೆಯ ಜಗಲಿಯ ಮೇಲೆ ಬಟ್ಟೆ ಸುತ್ತಿದ ಕಟ್ಟೇನಾದರೂ ಇದ್ದರೆ, ಹಿರಿಯರ ಅನುಮತಿ ಪಡೆದು ಅದನ್ನು ಬಿಚ್ಚಿ, ಗರಿಗಳನ್ನೆಣಿಸಿ, ಮೊದಲ ಮತ್ತು ಕೊನೆಯ ಪಂಕ್ತಿಗಳನ್ನು ಬರೆದುಕೊಂಡು, ಛಾಯಾಚಿತ್ರ ತೆಗೆದು ತಮ್ಮ ವಿಭಾಗಕ್ಕೆ ತಿಳಿಸಿದರೆ, ಹಳಕಟ್ಟಿಯವರ ಕೆಲಸವು ಅವರು ನಿಲ್ಲಿಸಿದ ಎಡೆಯಿಂದ ಮುಂದುವರಿದಂತಾಗುತ್ತದೆ.